ಯುರೋಪಿಗೆ ಚೀನಾ ಅರ್ಥ ಆಗ್ಬೇಕಂದ್ರೆ ಚೀನಾದೊಳಗಿನ ವಾದಗಳನ್ನ ಓದ್ಬೇಕು

2025ರ ಜುಲೈ 24ಕ್ಕೆ ಬೀಜಿಂಗ್‌ನಲ್ಲಿ ಯುರೋಪಿಯನ್ ಯೂನಿಯನ್ ಮತ್ತೆ ಚೀನಾ ನಡುವೆ ಶೃಂಗಸಭೆ ನಡೀತು. ಎರಡೂ ಕಡೆ ರಾಜತಾಂತ್ರಿಕ ಸಂಬಂಧ ಶುರುವಾಗಿ 50 ವರ್ಷ ತುಂಬಿತ್ತು, ದೊಡ್ಡದಾಗಿ ಆಚರಿಸ್ಬೇಕಾದ ಸಂದರ್ಭ, ಆದ್ರೆ ಎರಡು ದಿನ ಅಂದ್ಕೊಂಡಿದ್ದು ಒಂದೇ ದಿನಕ್ಕೆ ಇಳೀತು, ಹವಾಮಾನ ಬದಲಾವಣೆ ಬಗ್ಗೆ ಒಂದು ಜಂಟಿ ಹೇಳಿಕೆ ಬಿಟ್ರೆ ಕೈಗೆ ಸಿಕ್ಕಿದ್ದು ಹೆಚ್ಚೇನೂ ಇಲ್ಲ. ಯುರೋಪ್ ಕಡೆಯವರ ದೂರಿನ ಪಟ್ಟಿ ಉದ್ದ ಇತ್ತು. ವ್ಯಾಪಾರದಲ್ಲಿ ವರ್ಷಕ್ಕೆ ಸುಮಾರು 300 ಬಿಲಿಯನ್ ಯೂರೋ ಕೊರತೆ, ಸಬ್ಸಿಡಿ ಬಲದಿಂದ ಅಗ್ಗಕ್ಕೆ ಬಂದು ಬೀಳ್ತಿರೋ ಎಲೆಕ್ಟ್ರಿಕ್ ಕಾರುಗಳು, ಅದೇ ವರ್ಷ ಏಪ್ರಿಲ್‌ನಲ್ಲಿ ಚೀನಾ ಬಿಗಿ ಮಾಡಿದ ಅಪರೂಪದ ಖನಿಜಗಳ ರಫ್ತು, ಉಕ್ರೇನ್ ಯುದ್ಧದ ವಿಷಯದಲ್ಲಿ ರಷ್ಯಾ ಕಡೆಗಿರೋ ಒಲವು. ಎಲ್ಲಾ ನಿಜವಾದ ದೂರುಗಳೇ, ಯಾವುದನ್ನೂ ಸಣ್ಣದು ಅನ್ನೋಕಾಗಲ್ಲ.

ಆದ್ರೆ ಈ ಪಟ್ಟಿ ಹಿಂದೆ ಇನ್ನೊಂದು ತೊಂದರೆ ಇದೆ, ಅದರ ಬಗ್ಗೆ ಮಾತು ಕಮ್ಮಿ. 2019ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್ ಒಂದು ದಾಖಲೆ ತಂತು, ಅದರಲ್ಲಿ ಚೀನಾಗೆ ಒಂದೇ ಸಲ ಹಲವು ಪಾತ್ರ ಕೊಟ್ರು: ಸಹಕಾರದ ಪಾಲುದಾರ, ಆರ್ಥಿಕ ಪ್ರತಿಸ್ಪರ್ಧಿ, ಮತ್ತೆ ಬೇರೆ ಥರದ ಆಡಳಿತ ವ್ಯವಸ್ಥೆಯನ್ನ ಜಗತ್ತಿನ ಮುಂದಿಡ್ತಿರೋ ಎದುರಾಳಿ. ಮೊದಲ ಎರಡಕ್ಕೆ ಲೆಕ್ಕ ಹಾಕೋಕೆ ಬ್ರಸೆಲ್ಸ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ, ಟ್ಯಾರಿಫ್ ಗೊತ್ತಿರೋರು, ಬಂದರು ಗೊತ್ತಿರೋರು, ಚಿಪ್ ಗೊತ್ತಿರೋರು. ಮೂರನೇದು ಮಾತ್ರ ಪೂರ್ತಿ ವಿಚಾರದ ವಿಷಯ. ಸರ್ಕಾರ ಅಂದ್ರೇನು, ಮನುಷ್ಯನಿಗೂ ಸಮಾಜಕ್ಕೂ ಏನು ಸಂಬಂಧ, ಹಕ್ಕು ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆಗಳು. ಅಲ್ಲಿಗೆ ಬಂದ ತಕ್ಷಣ ಚರ್ಚೆ ಎರಡು ರೆಡಿಮೇಡ್ ಉತ್ತರಕ್ಕೆ ಬಿದ್ದುಬಿಡುತ್ತೆ, ಒಂದು ಕಡೆಯವರು "ಅವರದ್ದು ಸಾವಿರಾರು ವರ್ಷದ ನಾಗರಿಕತೆ, ಕನ್‌ಫ್ಯೂಷಿಯಸ್ ಕಾಲದಿಂದಲೂ ದೊರೆ ಹೇಳಿದ್ದನ್ನ ಕೇಳ್ಕೊಂಡು ಬಂದೋರು" ಅಂತಾರೆ, ಇನ್ನೊಂದು ಕಡೆಯವರು "ಅಲ್ಲಿ ಇರೋದು ಕಮ್ಯುನಿಸ್ಟ್ ಪಕ್ಷ ಮತ್ತೆ ಪೊಲೀಸ್ ಅಷ್ಟೇ, ವಿಚಾರ ಗಿಚಾರ ಎಲ್ಲ ಪರದೆ" ಅಂತಾರೆ. ನನ್ನ ಪ್ರಕಾರ ಎರಡೂ ತಪ್ಪು, ಮತ್ತೆ ಎರಡೂ ಒಂದೇ ಕಾರಣಕ್ಕೆ ತಪ್ಪು: ಚೀನಾದೊಳಗೆ ಜನ ತಮ್ಮತಮ್ಮಲ್ಲೇ ವಾದ ಮಾಡ್ಕೊಂಡು ಬಂದಿದ್ದಾರೆ, ಈಗಲೂ ಮಾಡ್ತಿದ್ದಾರೆ ಅನ್ನೋದನ್ನ ಇಬ್ಬರೂ ಲೆಕ್ಕಕ್ಕೇ ತಗೊಳ್ಳಲ್ಲ.

ಈ ರೋಗ ಹಳೇದು. ಇಟಲಿಯ ಜೆಸ್ವಿಟ್ ಪಾದ್ರಿ ಮ್ಯಾಟಿಯೊ ರಿಚಿ 1582ರಲ್ಲಿ ಮಕಾವ್‌ಗೆ ಬಂದು, ಚೀನೀ ಭಾಷೆ ಕಲಿತು, ಅಲ್ಲಿನ ವಿದ್ವಾಂಸರ ಹಾಗೇ ಬಟ್ಟೆ ತೊಟ್ಟು, 1601ರಲ್ಲಿ ಬೀಜಿಂಗ್ ಸೇರಿ 1610ರಲ್ಲಿ ಅಲ್ಲೇ ತೀರ್ಕೊಂಡ. ಅವನ ನಂತರದ ಜೆಸ್ವಿಟ್‌ಗಳು ಕನ್‌ಫ್ಯೂಷಿಯಸ್ ಪಠ್ಯಗಳನ್ನ ಲ್ಯಾಟಿನ್‌ಗೆ ತಂದು 1687ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚು ಹಾಕಿಸಿದ್ರು. ಯುರೋಪಿನ ದೊಡ್ಡ ತಲೆಗಳೆಲ್ಲ ಅದನ್ನ ಓದಿ ಬೆರಗಾದ್ರು. ಲೈಬ್ನಿಟ್ಸ್ 1697ರಲ್ಲಿ ಒಂದು ಮಾತು ಬರೆದ, ನಾವು ಅವರಿಗೆ ದೇವರ ಬಗ್ಗೆ ಹೇಳೋಕೆ ಪಾದ್ರಿಗಳನ್ನ ಕಳಿಸ್ತೀವಲ್ಲ, ಹಾಗೇ ಬದುಕೋದು ಹೇಗೆ ಅಂತ ನಮಗೆ ಕಲಿಸೋಕೆ ಅವರೂ ಜನ ಕಳಿಸ್ಬೇಕು ಅನ್ನೋ ಅರ್ಥದಲ್ಲಿ. 300 ವರ್ಷದ ಹಿಂದೆ ಒಬ್ಬ ಜರ್ಮನ್ ತತ್ವಜ್ಞಾನಿ ಇಷ್ಟು ಬಗ್ಗಿ ಕೇಳಿದ್ದ ಅನ್ನೋದು ಇವತ್ತಿಗೂ ಮೆಚ್ಚೋ ಮಾತು.

ಅವನ ದಾರಿಯಲ್ಲೇ ನಡೆದ ಕ್ರಿಶ್ಚಿಯನ್ ವೋಲ್ಫ್ ಅನ್ನೋನ ಕಥೆ ಇನ್ನೂ ಸ್ವಾರಸ್ಯ. 1721ರ ಜುಲೈ 12ಕ್ಕೆ ಜರ್ಮನಿಯ ಹಾಲೆ ಯೂನಿವರ್ಸಿಟಿಯಲ್ಲಿ ಚೀನೀಯರ ನೀತಿಶಾಸ್ತ್ರದ ಬಗ್ಗೆ ಅವನೊಂದು ಭಾಷಣ ಮಾಡಿದ. ಅದರ ತಿರುಳು ಇಷ್ಟೇ, ಬೈಬಲ್ ಕಾಣದ ಜನ ಬರೀ ತಮ್ಮ ಬುದ್ಧಿಯಿಂದಲೇ ಒಳ್ಳೆ ನಡತೆ, ಒಳ್ಳೆ ಆಡಳಿತಕ್ಕೆ ಬಂದು ಮುಟ್ಟಿದ್ದಾರೆ, ಅಂದ್ರೆ ನೀತಿಗೆ ಧರ್ಮಗ್ರಂಥವೇ ಬೇಕು ಅಂತೇನಿಲ್ಲ. ಊರಿನ ದೇವತಾಶಾಸ್ತ್ರದ ಪ್ರೊಫೆಸರ್‌ಗಳು ಕೆಂಡಾಮಂಡಲ ಆದ್ರು, ದೂರು ರಾಜನವರೆಗೂ ಹೋಯ್ತು, 1723ರಲ್ಲಿ ಪ್ರಷ್ಯಾದ ರಾಜ 48 ಗಂಟೆಯೊಳಗೆ ರಾಜ್ಯ ಬಿಟ್ಟು ಹೋಗು, ಇಲ್ಲಾಂದ್ರೆ ಗಲ್ಲು ಅಂತ ಆಜ್ಞೆ ಮಾಡಿದ. ವೋಲ್ಫ್ ಮಾರ್ಬುರ್ಗ್‌ಗೆ ಹೋಗಿ ನೆಲೆಸಿದ, 1740ರಲ್ಲಿ ಹೊಸ ರಾಜ ಬಂದ ಮೇಲೇ ಅವನು ವಾಪಸ್ ಬಂದಿದ್ದು. ಯೋಚನೆ ಮಾಡಿ, ಕನ್‌ಫ್ಯೂಷಿಯಸ್‌ನ ಹೊಗಳಿದ್ದಕ್ಕೆ ಯುರೋಪಿನಲ್ಲಿ ಒಬ್ಬ ಪ್ರೊಫೆಸರ್ ಪ್ರಾಣ ಉಳಿಸ್ಕೊಳ್ಳೋಕೆ ಊರು ಬಿಡ್ಬೇಕಾಯ್ತು.

ಆದ್ರೆ ಆ ಜಗಳ ಚೀನಾ ಬಗ್ಗೆ ಆಗಿರಲೇ ಇಲ್ಲ, ಚರ್ಚ್ ದೊಡ್ಡದಾ ಬುದ್ಧಿ ದೊಡ್ಡದಾ ಅನ್ನೋ ಯುರೋಪಿನ ಮನೆಜಗಳ ಅದು. ವೋಲ್ಫ್‌ಗೆ ಚೀನೀ ಭಾಷೆ ಬರ್ತಿರಲಿಲ್ಲ, ಅವನು ಚೀನಾ ನೋಡಿದ್ದೂ ಇಲ್ಲ. ಆಮೇಲೆ ವಾಲ್ಟೇರ್ ಚೀನಾನ ಹೊಗಳಿದ್ದೂ ಫ್ರಾನ್ಸಿನ ಪಾದ್ರಿಗಳನ್ನ ಚುಚ್ಚೋಕೆ, 1748ರಲ್ಲಿ ಮಾಂಟೆಸ್ಕ್ಯೂ ಅದೇ ಚೀನಾನ ಭಯದ ಮೇಲೆ ನಿಂತ ನಿರಂಕುಶ ರಾಜ್ಯ ಅಂದಿದ್ದೂ ಫ್ರಾನ್ಸಿನ ರಾಜನಿಗೆ ಎಚ್ಚರಿಕೆ ಕೊಡೋಕೆ, 1767ರಲ್ಲಿ ಕೆನೆ ಅನ್ನೋ ಅರ್ಥಶಾಸ್ತ್ರಜ್ಞ ಅದೇ ಆಡಳಿತನ ಮಾದರಿ ಅಂತ ಎತ್ತಿ ಹಿಡಿದಿದ್ದೂ ತನ್ನ ಕೃಷಿ ನೀತಿಗೆ ಸಾಕ್ಷಿ ಬೇಕಿತ್ತು ಅಂತ. 1820ರ ದಶಕದಲ್ಲಿ ಹೆಗೆಲ್ ಬರ್ಲಿನ್‌ನಲ್ಲಿ ಪಾಠ ಮಾಡ್ತಾ, ಚೀನಾದಲ್ಲಿ ಒಬ್ಬನೇ ಒಬ್ಬ ಸ್ವತಂತ್ರ, ಅವನು ಚಕ್ರವರ್ತಿ, ಅಲ್ಲಿ ಇತಿಹಾಸ ಮುಂದಕ್ಕೆ ಹೋಗೋದೇ ಇಲ್ಲ ಅಂದುಬಿಟ್ಟ. ಆ ಮಾತು ಯುರೋಪಿನ ತಲೆಯಲ್ಲಿ ಎಷ್ಟು ಆಳಕ್ಕೆ ಇಳೀತು ಅಂದ್ರೆ ಇವತ್ತು ಚೀನಾ ಬಗ್ಗೆ ಬರೋ ಎಷ್ಟೋ ಟಿವಿ ಚರ್ಚೆಗಳು ಹೆಗೆಲ್ ಹೆಸರೇ ಗೊತ್ತಿಲ್ಲದೆ ಅವನ ಮಾತನ್ನೇ ಆಡ್ತವೆ.

ಹಾಗಾದ್ರೆ ಒಳಗಿನ ವಾದ ಅಂದ್ರೆ ಯಾವುದು? ಕನ್‌ಫ್ಯೂಷಿಯಸ್ ಪರಂಪರೆಯಲ್ಲೇ ಬಂದ ಮೆನ್ಶಿಯಸ್ ಅನ್ನೋ ಚಿಂತಕನನ್ನ ಒಬ್ಬ ರಾಜ ಕೇಳ್ತಾನೆ, ಹಿಂದಿನ ಕಾಲದಲ್ಲಿ ಝೋ ಅನ್ನೋ ದೊರೆನ ಅವನ ಸಾಮಂತನೇ ಕೊಂದನಂತಲ್ಲ, ಪ್ರಜೆ ರಾಜನನ್ನ ಕೊಲ್ಲೋದು ಸರಿನಾ ಅಂತ. ಮೆನ್ಶಿಯಸ್ ಉತ್ತರ ಏನಂದ್ರೆ, ನ್ಯಾಯ ಕರುಣೆ ಎರಡನ್ನೂ ಹಾಳು ಮಾಡಿದೋನು ರಾಜನಾಗಿ ಉಳಿದಿರಲ್ಲ, ಝೋ ಅನ್ನೋ ಒಬ್ಬ ಮನುಷ್ಯನ್ನ ಕೊಂದ್ರು ಅಂತ ಕೇಳಿದೀನಿ, ರಾಜನ್ನ ಕೊಂದ್ರು ಅಂತ ಕೇಳಿಲ್ಲ. ಕ್ರಿಸ್ತ ಹುಟ್ಟೋಕೆ 300 ವರ್ಷ ಮುಂಚಿನ ಮಾತು ಇದು, ವಿಧೇಯತೆ ಕಲಿಸೋ ಪರಂಪರೆ ಅಂತ ಯಾರು ಹೇಳ್ತಾರೋ ಅವರು ಮೊದಲು ಇದನ್ನ ಓದ್ಬೇಕು. ಇದಕ್ಕೆ ಪೂರ್ತಿ ಎದುರಿಗೆ ಹಾನ್ ಫೇಯಿ ಅನ್ನೋ ಇನ್ನೊಬ್ಬ ಹಳೇ ಚಿಂತಕ ನಿಂತ, ಮನುಷ್ಯರ ಒಳ್ಳೆತನ ನಂಬ್ಕೊಂಡು ರಾಜ್ಯ ನಡೆಸೋಕಾಗಲ್ಲ, ಬಹುಮಾನ ಶಿಕ್ಷೆ ಎರಡೂ ಕೈಯಲ್ಲಿರ್ಬೇಕು, ಕಾನೂನು ಕಠಿಣವಾಗಿರ್ಬೇಕು ಅಂತ. ಇನ್ನು ಮೋಝಿ, ಝುವಾಂಗ್‌ಝಿ, ಇವರೂ ಹಳೇ ಕಾಲದ ಚಿಂತಕರೇ, ಒಬ್ಬೊಬ್ಬರದ್ದು ಒಂದೊಂದು ದಾರಿ. ಷಿ ಜಿನ್‌ಪಿಂಗ್ ತಮ್ಮ ಭಾಷಣಗಳಲ್ಲಿ ಕನ್‌ಫ್ಯೂಷಿಯಸ್‌ನ ಹೇಳೋದು ಎಲ್ಲರಿಗೂ ಗೊತ್ತು, ಅವರು ಹಾನ್ ಫೇಯಿನೂ ಉಲ್ಲೇಖ ಮಾಡ್ತಾರೆ, ಯಾವ ಕಡೆ ಭಾರ ಹೆಚ್ಚಾಯ್ತು ಅಂತ ನೋಡೋಕೆ ಇವೆರಡರ ವ್ಯತ್ಯಾಸ ಗೊತ್ತಿರ್ಲೇಬೇಕು.

ಕನ್‌ಫ್ಯೂಷಿಯಸ್ ಜೊತೆ ಪಕ್ಷದ ಸಂಬಂಧನೂ ಸರಳ ಅಲ್ಲ. ಮಾವೋ ಕಾಲದ ಕೊನೆಗೆ, 1973–74ರ ಸುಮಾರಿಗೆ, ಕನ್‌ಫ್ಯೂಷಿಯಸ್‌ನ ಬೈಯೋ ಚಳವಳಿನೇ ದೇಶದ ತುಂಬಾ ನಡೆದಿತ್ತು. 2004ರಿಂದ ಅದೇ ಸರ್ಕಾರ ಅವನ ಹೆಸರಲ್ಲೇ ಜಗತ್ತಿನಾದ್ಯಂತ ಭಾಷಾ ಸಂಸ್ಥೆಗಳನ್ನ ತೆರೀತಾ ಬಂತು. 2011ರ ಜನವರಿಯಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದ ಪಕ್ಕ, ನ್ಯಾಷನಲ್ ಮ್ಯೂಸಿಯಂ ಎದುರಿಗೆ 9.5 ಮೀಟರ್ ಎತ್ತರದ ಕಂಚಿನ ಕನ್‌ಫ್ಯೂಷಿಯಸ್ ಪ್ರತಿಮೆ ಎದ್ದು ನಿಂತು, ಅದೇ ಏಪ್ರಿಲ್‌ನಲ್ಲಿ ಸದ್ದಿಲ್ಲದೆ ಅಲ್ಲಿಂದ ತೆಗೆದೂ ಆಯ್ತು. ಇಷ್ಟು ಹೊಯ್ದಾಟ ಇರೋ ವಿಷಯನ "ಚೀನೀ ಸಂಸ್ಕೃತಿ ಅಂದ್ರೆ ಇದೇ" ಅಂತ ಯುರೋಪಿನ ರಾಜತಾಂತ್ರಿಕರು ಗಟ್ಟಿ ಮಾಡ್ಕೊಂಡು ಕೂತ್ರೆ ಅವರು ಪಕ್ಷದ ಈ ವರ್ಷದ ಪೋಸ್ಟರ್‌ನ ಓದ್ತಿದ್ದಾರೆ ಅಷ್ಟೇ.

ಇನ್ನೊಂದು ಮಾತು, ಇದು ಯುರೋಪಿಗೆ ಸ್ವಲ್ಪ ಇರುಸುಮುರುಸು ಆಗೋದು. ಇವತ್ತಿನ ಚೀನಾ ರಾಜ್ಯದ ಅಧಿಕೃತ ಸಿದ್ಧಾಂತ ಹುಟ್ಟಿದ್ದು ಯುರೋಪಿನಲ್ಲೇ. 2018ರ ಮೇ 5ಕ್ಕೆ ಕಾರ್ಲ್ ಮಾರ್ಕ್ಸ್ ಹುಟ್ಟಿ 200 ವರ್ಷ ಆದಾಗ ಅವನ ಊರು ಜರ್ಮನಿಯ ಟ್ರಿಯರ್‌ನಲ್ಲಿ ಒಂದು ದೊಡ್ಡ ಪ್ರತಿಮೆ ಅನಾವರಣ ಆಯ್ತು, ಪೀಠ ಸೇರಿ ಸುಮಾರು 5.5 ಮೀಟರ್, ಕೊಟ್ಟಿದ್ದು ಚೀನಾ ಸರ್ಕಾರ. ಊರಲ್ಲಿ ಬೇಕು ಬೇಡ ಅಂತ ಸಾಕಷ್ಟು ಜಗಳ ಆಯ್ತು. ಡೆಂಗ್ ಶಿಯಾವೊಪಿಂಗ್ 1920ರಲ್ಲಿ ಹದಿಹರೆಯದ ಹುಡುಗನಾಗಿ ಫ್ರಾನ್ಸಿಗೆ ಹೋಗಿ, ಕಾರ್ಖಾನೆಗಳಲ್ಲಿ ಕೂಲಿ ಮಾಡಿ, ರೆನೋ ಕಾರ್ಖಾನೆಯಲ್ಲೂ ದುಡಿದು, ಕಮ್ಯುನಿಸ್ಟ್ ಆಗಿದ್ದೂ ಅಲ್ಲೇ. ಅಷ್ಟೇ ಅಲ್ಲ, ಹೋದ ಎರಡು ದಶಕದಲ್ಲಿ ಚೀನಾದ ಯೂನಿವರ್ಸಿಟಿಗಳಲ್ಲಿ ತುಂಬಾ ಓದಿಸ್ಕೊಂಡ ಯುರೋಪಿಯನ್ನರಲ್ಲಿ ಕಾರ್ಲ್ ಶ್ಮಿಟ್ ಒಬ್ಬ, ನಾಜಿ ಪಕ್ಷ ಸೇರಿದ್ದ ಜರ್ಮನ್ ಕಾನೂನು ಪಂಡಿತ, ತುರ್ತು ಪರಿಸ್ಥಿತಿ ಯಾವುದು ಅಂತ ತೀರ್ಮಾನ ಮಾಡೋನೇ ಸಾರ್ವಭೌಮ ಅಂದೋನು. ಪೀಕಿಂಗ್ ಯೂನಿವರ್ಸಿಟಿಯ ಕಾನೂನು ಪ್ರೊಫೆಸರ್ ಚೆನ್ ದುವಾನ್‌ಹಾಂಗ್ ಥರದವರು ಹಾಂಗ್‌ಕಾಂಗ್ ಮೇಲೆ ಬೀಜಿಂಗ್‌ಗೆ ಇರೋ ಅಧಿಕಾರದ ಬಗ್ಗೆ ಮಾತಾಡೋವಾಗ ಶ್ಮಿಟ್ ವಾದಗಳನ್ನ ಬಳಸಿದ್ದಾರೆ. 2020ರ ಹಾಂಗ್‌ಕಾಂಗ್ ರಾಷ್ಟ್ರೀಯ ಭದ್ರತಾ ಕಾನೂನಿನ ಹಿಂದಿನ ಯೋಚನೆ ಅರ್ಥ ಆಗ್ಬೇಕಂದ್ರೆ ಬರ್ಲಿನ್‌ನ ಅಧಿಕಾರಿ ಕನ್‌ಫ್ಯೂಷಿಯಸ್‌ನ ಪಕ್ಕಕ್ಕಿಟ್ಟು ತನ್ನದೇ ದೇಶದ 1920ರ ದಶಕನ ಮತ್ತೆ ಓದ್ಬೇಕು. ಅದು ಅವರಿಗೆ ಗೊತ್ತಿರೋ ಇತಿಹಾಸ, ಆ ಯೋಚನೆ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಅವರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ, ಚೀನೀ ವಿದ್ವಾಂಸರ ಜೊತೆ ಅದನ್ನ ಮನಸ್ಸು ಬಿಚ್ಚಿ ಮಾತಾಡಿದ್ರೆ ಉಪದೇಶಕ್ಕಿಂತ ಜಾಸ್ತಿ ತೂಕ ಇರುತ್ತೆ.

ಅವಮಾನದ ನೆನಪೂ ಇದೆ. 1860ರಲ್ಲಿ ಬ್ರಿಟಿಷ್ ಫ್ರೆಂಚ್ ಸೈನ್ಯ ಬೀಜಿಂಗ್ ಹತ್ರದ ಬೇಸಿಗೆ ಅರಮನೆನ ಲೂಟಿ ಮಾಡಿತು, ಆಮೇಲೆ ಬ್ರಿಟಿಷರ ಲಾರ್ಡ್ ಎಲ್ಗಿನ್ ಆಜ್ಞೆ ಮೇಲೆ ಅದನ್ನ ಸುಟ್ಟು ಹಾಕಿದ್ರು. ಆ ಪಾಳು ಕಲ್ಲುಗಳು ಇವತ್ತೂ ಅಲ್ಲೇ ಇವೆ, ಶಾಲಾ ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸ್ತಾರೆ. ಪಕ್ಷ ಈ ನೋವನ್ನ ರಾಜಕೀಯಕ್ಕೆ ಬಳಸ್ಕೊಳ್ಳುತ್ತೆ ಅನ್ನೋದು ನಿಜ, ಆದ್ರೆ ನೋವು ಸುಳ್ಳಲ್ಲ. ವಸಾಹತು ಆಳ್ವಿಕೆ ಕಂಡ ನಮಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ.

ಈಗ ಮಾನವ ಹಕ್ಕಿನ ವಿಷಯ, ಯುರೋಪ್ ಚೀನಾ ಮಾತುಕತೆ ಪ್ರತಿ ಸಲ ಮುರಿದು ಬೀಳೋದು ಇಲ್ಲೇ. 2021ರ ಮಾರ್ಚ್‌ನಲ್ಲಿ ಚೀನಾದ ಪಶ್ಚಿಮದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಉಯ್ಗರ್ ಮುಸ್ಲಿಮರ ಮೇಲಿನ ದೌರ್ಜನ್ಯಕ್ಕಾಗಿ ಯೂನಿಯನ್ ಕೆಲವು ಅಧಿಕಾರಿಗಳ ಮೇಲೆ ನಿರ್ಬಂಧ ಹಾಕ್ತು, ಅವತ್ತೇ ಬೀಜಿಂಗ್ ಯುರೋಪಿನ ಸಂಸದರ ಮೇಲೆ, ವಿದ್ವಾಂಸರ ಮೇಲೆ, ಬರ್ಲಿನ್‌ನಲ್ಲಿ ಚೀನಾ ಬಗ್ಗೆ ಅಧ್ಯಯನ ಮಾಡೋ ಮೆರಿಕ್ಸ್ ಸಂಸ್ಥೆ ಮೇಲೆ ತಿರುಗಿ ನಿರ್ಬಂಧ ಹಾಕ್ತು. ಏಳು ವರ್ಷ ಚರ್ಚೆ ಮಾಡಿ ಸಿದ್ಧ ಮಾಡಿದ್ದ ಹೂಡಿಕೆ ಒಪ್ಪಂದ ಮೂಲೆ ಸೇರ್ತು. ಈ ಜಗಳದಲ್ಲಿ ಯುರೋಪ್ "ಇವು ಸಾರ್ವತ್ರಿಕ ಮೌಲ್ಯ" ಅನ್ನುತ್ತೆ, ಬೀಜಿಂಗ್ "ಅವು ಪಶ್ಚಿಮದ ಮೌಲ್ಯ, ನಮಗೆ ಮೊದಲು ಬದುಕೋ ಹಕ್ಕು, ಅಭಿವೃದ್ಧಿ ಹಕ್ಕು" ಅನ್ನುತ್ತೆ. ಇಬ್ಬರೂ ಒಬ್ಬ ಮನುಷ್ಯನ್ನ ಮರೀತಾರೆ.

ಅವನ ಹೆಸರು ಪಿ.ಸಿ. ಚಾಂಗ್, ತಿಯಾನ್‌ಜಿನ್ ಊರಿನವನು, ನಾಟಕ ಬರೆಯೋನು, ಮೇಷ್ಟ್ರು, ನ್ಯೂಯಾರ್ಕ್‌ನ ಕೊಲಂಬಿಯಾದಲ್ಲಿ ಓದಿದೋನು, ಆಗಿನ ಚೀನಾ ಗಣರಾಜ್ಯದ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಉಪಾಧ್ಯಕ್ಷನಾಗಿದ್ದ. ಆ ಆಯೋಗ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡು ಮಾಡೋಕೆ ಹೊರಟಾಗ, 1947ರ ಫೆಬ್ರವರಿಯಲ್ಲಿ, ಅದರ ಅಧ್ಯಕ್ಷೆ ಎಲೀನರ್ ರೂಸ್‌ವೆಲ್ಟ್ ತಮ್ಮ ನ್ಯೂಯಾರ್ಕ್ ಮನೆಗೆ ಮೂರು ಜನರನ್ನ ಟೀಗೆ ಕರೀತಾರೆ, ಚಾಂಗ್, ಲೆಬನಾನ್‌ನ ತತ್ವಶಾಸ್ತ್ರದ ಪ್ರೊಫೆಸರ್ ಚಾರ್ಲ್ಸ್ ಮಲಿಕ್, ಕೆನಡಾದ ಕಾನೂನು ಪಂಡಿತ ಜಾನ್ ಹಂಫ್ರಿ. ಟೀ ಕುಡೀತಾ ಚಾಂಗ್ ಮತ್ತೆ ಮಲಿಕ್ ನಡುವೆ ವಾದ ಹತ್ಕೊಳ್ಳುತ್ತೆ, ಮಲಿಕ್ ಮಧ್ಯಯುಗದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ತತ್ವನ ವಿವರಿಸ್ತಾನೆ, ಚಾಂಗ್ ಪರಮ ಸತ್ಯ ಅನ್ನೋದು ಒಂದೇ ಥರ ಇರ್ಬೇಕಾಗಿಲ್ಲ, ಪಶ್ಚಿಮದ ವಿಚಾರಗಳ ಆಚೆಗೂ ಈ ಘೋಷಣೆ ನೋಡ್ಬೇಕು, ನಿಮ್ಮ ಸಿಬ್ಬಂದಿ ಕೆಲವು ತಿಂಗಳು ಕನ್‌ಫ್ಯೂಷಿಯಸ್ ಓದ್ಲಿ ಅಂತಾನೆ. ಆಮೇಲೆ ಕರಡು ಬರೆಯೋವಾಗ ಮನುಷ್ಯನಿಗೆ ಬುದ್ಧಿ ಇದೆ ಅಂದ್ರೆ ಸಾಲ್ದು, ಇನ್ನೊಬ್ಬನ ಕಷ್ಟ ತನಗೆ ತಟ್ಟೋ ಗುಣನೂ ಮನುಷ್ಯತ್ವದಲ್ಲಿ ಸೇರಿದೆ ಅಂತ ಅವನು ಹಟ ಹಿಡಿದ, ಮೊದಲನೇ ವಿಧಿಯಲ್ಲಿ ಬುದ್ಧಿ ಜೊತೆ ಆತ್ಮಸಾಕ್ಷಿ ಸೇರಿದ್ದು ಹೀಗೆ. 1948ರಲ್ಲಿ ಕೆಲವು ದೇಶಗಳು ದೇವರ ಹೆಸರು ಸೇರಿಸ್ಬೇಕು ಅಂದಾಗ ಚಾಂಗ್ ಎದ್ದು, ಮನುಕುಲದ ದೊಡ್ಡ ಪಾಲು ನಮ್ಮ ದೇಶದವರು, ನಮ್ಮ ಪರಂಪರೆ ಬೇರೆ, ಆದ್ರೂ ಅದನ್ನ ಸೇರಿಸಿ ಅಂತ ನಾನು ಕೇಳ್ತಿಲ್ಲ, ನೀವೂ ನಿಮ್ಮದನ್ನ ಹಿಂದಕ್ಕೆ ತಗೊಳ್ಳಿ ಅನ್ನೋ ಅರ್ಥದಲ್ಲಿ ಮಾತಾಡಿದ. ದೇವರ ಹೆಸರು ಸೇರಲಿಲ್ಲ. ಅದೇ ವಿಧಿಯಲ್ಲಿ "ಎಲ್ಲ ಪುರುಷರು" ಅಂತಿದ್ದಿದ್ದನ್ನ "ಎಲ್ಲ ಮಾನವರು" ಅಂತ ಮಾಡಿಸಿದ್ದು ನಮ್ಮ ದೇಶದ ಹಂಸಾ ಮೆಹ್ತಾ ಅನ್ನೋದೂ ಇಲ್ಲೇ ನೆನಪಿರ್ಲಿ.

ನನಗೆ ಇದರಲ್ಲಿ ತುಂಬಾ ಮುಖ್ಯ ಅನ್ಸೋದು, ಚಾಂಗ್ ಮಾಡಿದ್ದು "ನಮ್ಮ ಸಂಸ್ಕೃತಿ ಬೇರೆ, ನಮ್ಮನ್ನ ಬಿಟ್ಬಿಡಿ" ಅನ್ನೋ ವಾದ ಅಲ್ಲ. ಹಕ್ಕು ಎಲ್ಲರಿಗೂ ಇರ್ಬೇಕು, ಆದ್ರೆ ಅದಕ್ಕೆ ಒಬ್ಬರ ದೇವರು ಒಬ್ಬರ ತತ್ವ ಮಾತ್ರ ಬುನಾದಿ ಆಗ್ಬಾರ್ದು ಅನ್ನೋ ವಾದ. ಯುರೋಪಿನವರು ಈ ಕಥೆನ ಸರಿಯಾಗಿ ತಿಳ್ಕೊಂಡ್ರೆ ಬೀಜಿಂಗ್‌ನ "ಪಶ್ಚಿಮದ ಮೌಲ್ಯ" ಅನ್ನೋ ಮಾತಿಗೆ ಚೀನಾದ್ದೇ ಉತ್ತರ ಸಿಗುತ್ತೆ, ಜೊತೆಗೆ ಇದು ನಮ್ಮ ಆಸ್ತಿ ಅನ್ನೋ ಅವರ ಸ್ವಂತ ಠೇಂಕಾರನೂ ಇಳಿಯುತ್ತೆ.

ಇನ್ನು ಚೀನಾದ ಬೌದ್ಧ ಪರಂಪರೆ, ಇದು ನಮ್ಮ ಕಡೆಯಿಂದಲೇ ಹೋಗಿದ್ದು. ಇಮ್ಮಡಿ ಪುಲಕೇಶಿ ರಾಜ್ಯದ ಜನ ಎಂಥವರು, ಉಪಕಾರಕ್ಕೆ ಕೃತಜ್ಞರು, ಅವಮಾನ ಮಾಡಿದ್ರೆ ಬಿಡದೋರು ಅಂತ ಬರೆದಿಟ್ಟ ಹ್ಯೂಯೆನ್ ತ್ಸಾಂಗ್ ನಮ್ಮ ಶಾಲಾ ಪುಸ್ತಕದಿಂದಲೇ ಪರಿಚಯ. ಅವನಿಗಿಂತ ಇನ್ನೂರು ವರ್ಷಕ್ಕೂ ಹಿಂದೆ, 404ರಲ್ಲಿ, ಲೂ ಬೆಟ್ಟದ ಹುಯಿಯುವಾನ್ ಅನ್ನೋ ಭಿಕ್ಷು ಒಂದು ಬರಹ ಬರೆದ, ಸಂಸಾರ ಬಿಟ್ಟ ಸನ್ಯಾಸಿ ರಾಜನಿಗೆ ತಲೆ ಬಾಗ್ಬೇಕಾಗಿಲ್ಲ ಅಂತ. ಆಸ್ಥಾನದವರು ಸಿಟ್ಟಾದ್ರು, ವಾದ ತುಂಬಾ ಕಾಲ ನಡೀತು, ನಂತರದ ಶತಮಾನಗಳಲ್ಲಿ ರಾಜ್ಯದ ಕೈ ಮೇಲಾಯ್ತು. ಆದ್ರೆ ರಾಜ್ಯಕ್ಕಿಂತ ಮೇಲೆ ಒಂದು ನಿಷ್ಠೆ ಇರಬಹುದು ಅನ್ನೋ ಮಾತು ಚೀನೀ ಭಾಷೆಯಲ್ಲೇ, ಚೀನೀ ಮನುಷ್ಯನಿಂದಲೇ ಬಂದಿತ್ತು. ಟಿಬೆಟ್‌ನ ಇವತ್ತಿನ ಪ್ರಶ್ನೆನ, ಮುಂದಿನ ದಲೈ ಲಾಮಾನ ಯಾರು ಗುರುತಿಸ್ಬೇಕು ಅನ್ನೋದನ್ನ, ಬರೀ ಗಡಿ ಮತ್ತೆ ಭೂಪಟದ ಜಗಳ ಅಂದ್ಕೊಂಡ್ರೆ ಈ ಎಳೆನೇ ಕಾಣಲ್ಲ.

ತೈವಾನ್ ನೋಡಿ, ಅದೇ ಹಳೇ ಪಠ್ಯಗಳು, ಅವೇ ದೇವಸ್ಥಾನಗಳು, ಅದೇ ಪಿತೃಪೂಜೆ, ಆದ್ರೂ ಅಲ್ಲಿ ಸರ್ಕಾರ ಚುನಾವಣೆಯಲ್ಲಿ ಬದಲಾಗುತ್ತೆ, 2019ರಲ್ಲಿ ಏಷ್ಯಾದಲ್ಲೇ ಮೊದಲು ಸಲಿಂಗ ಮದುವೆಗೆ ಕಾನೂನು ಬಂತು. ಸಂಸ್ಕೃತಿನೇ ಹಣೆಬರಹ ಅನ್ನೋರಿಗೆ ಇಷ್ಟು ಸಾಕು. ಬೀಜಿಂಗ್‌ನ ತತ್ವಜ್ಞಾನಿ ಝಾವೊ ಟಿಂಗ್‌ಯಾಂಗ್ 2005ರಲ್ಲಿ, ಇಡೀ ಭೂಮಿನ ಒಂದೇ ಮನೆ ಥರ ನೋಡೋ ಹಳೇ ಚೀನೀ ಕಲ್ಪನೆಯಿಂದ ಹೊಸ ಜಾಗತಿಕ ವ್ಯವಸ್ಥೆ ಕಟ್ಬಹುದು ಅಂತ ವಾದ ಮಾಡಿದ್ರು, ಯುರೋಪಿನಲ್ಲಿ ಅದು ಸಾಕಷ್ಟು ಹೆಸರು ಮಾಡ್ತು. ಆದ್ರೆ ಶಾಂಘೈನ ಫುದಾನ್ ಯೂನಿವರ್ಸಿಟಿಯ ಇತಿಹಾಸಕಾರ ಗೆ ಝಾವೊಗುವಾಂಗ್, ಹಳೇ ಸಾಮ್ರಾಜ್ಯ ನಿಜದಲ್ಲಿ ಹಾಗೆ ನಡೀಲೇ ಇಲ್ಲ, ಒಳಗಿನವರು ಹೊರಗಿನವರು ಅಂತ ಮೇಲು ಕೀಳು ಇತ್ತು, ಇದೊಂದು ಕಲ್ಪನೆ ಅಷ್ಟೇ ಅಂತ ಕಟುವಾಗಿ ಬರೆದಿದ್ದಾರೆ. ಝಾವೊನ ಕರೆಸೋ ಸೆಮಿನಾರಿಗೆ ಗೆ ಅವರನ್ನೂ ಕರೆಸ್ಬೇಕು, ಆಗ ಅದು ಚೀನಾದ ದೃಷ್ಟಿ ಅನ್ನೋ ಒಂದೇ ಡಬ್ಬಿಗೆ ಹೋಗಲ್ಲ.

ಯುರೋಪೂ ಒಂದೇ ದನಿ ಅಲ್ಲ ಅಂತ ಬೇರೆ ಹೇಳ್ಬೇಕಿಲ್ಲ. 2024ರ ಅಕ್ಟೋಬರ್‌ನಲ್ಲಿ ಚೀನೀ ಎಲೆಕ್ಟ್ರಿಕ್ ಕಾರುಗಳ ಮೇಲೆ ಹೆಚ್ಚುವರಿ ಸುಂಕ ಹಾಕೋ ಪ್ರಸ್ತಾಪಕ್ಕೆ 10 ದೇಶ ಪರ, 5 ವಿರುದ್ಧ, 12 ದೇಶ ತಟಸ್ಥ, ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗೆ. ಗ್ರೀಸ್‌ನ ಪಿರೇಯಸ್ ಬಂದರಿನ ಬಹುಪಾಲು ಶೇರು ಚೀನೀ ಕಂಪನಿದು, ತೈವಾನ್ ಹೆಸರಲ್ಲಿ ಕಚೇರಿ ತೆರೆಯೋಕೆ ಬಿಟ್ಟ ಲಿಥುವೇನಿಯಾ 2021ರಿಂದ ಅದರ ಬೆಲೆ ತೆತ್ತಿದೆ, ಇಬ್ಬರಿಗೂ ಕಾಣೋ ಚೀನಾ ಬೇರೆ ಬೇರೆ. ಸೋವಿಯತ್ ಆಳ್ವಿಕೆ ಅನುಭವಿಸಿದ ದೇಶಗಳಿಗೆ ಏಕಪಕ್ಷ ರಾಜ್ಯ ಒಳಗಿಂದ ಹೇಗಿರುತ್ತೆ ಅಂತ ಗೊತ್ತು, ಆ ತಿಳುವಳಿಕೆ ಪ್ಯಾರಿಸ್ ಬರ್ಲಿನ್‌ನ ಚರ್ಚೆಗಳಲ್ಲಿ ಇನ್ನೂ ಸಾಕಷ್ಟು ಜಾಗ ಪಡೆದಿಲ್ಲ ಅಂತ ನನಗನ್ಸುತ್ತೆ.

ತತ್ವಶಾಸ್ತ್ರ ಓದಿದ್ರೆ ವ್ಯಾಪಾರದ ಕೊರತೆ ಕಮ್ಮಿ ಆಗುತ್ತೆ ಅಂತ ಯಾರೂ ಹೇಳ್ತಿಲ್ಲ, ಖನಿಜ ಬೇಕಂದ್ರೆ ಗಣಿ ಬೇಕು, ಕಾರಿಗೆ ಬ್ಯಾಟರಿ ಬೇಕು. ಆದ್ರೆ ಯಾರ ಜೊತೆ ಯಾವ ಮಾತಲ್ಲಿ ವಾದ ಮಾಡ್ಬೇಕು ಅನ್ನೋದು ಇದರಿಂದ ಬದಲಾಗುತ್ತೆ. ಇಲ್‌ಹಾಮ್ ತೋಹ್ತಿ ಉದಾಹರಣೆ ತಗೊಳ್ಳಿ. ಬೀಜಿಂಗ್‌ನ ಮಿಂಜು ಯೂನಿವರ್ಸಿಟಿಯಲ್ಲಿ ಅರ್ಥಶಾಸ್ತ್ರ ಪಾಠ ಮಾಡ್ತಿದ್ದ ಉಯ್ಗರ್ ಮೇಷ್ಟ್ರು, 2014ರಲ್ಲಿ ಪ್ರತ್ಯೇಕತಾವಾದದ ಆರೋಪದ ಮೇಲೆ ಜೀವಾವಧಿ ಶಿಕ್ಷೆ ಆಯ್ತು, 2019ರಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ಮಾನವ ಹಕ್ಕುಗಳಿಗೆ ಕೊಡೋ ತನ್ನ ಸಖಾರೊವ್ ಪ್ರಶಸ್ತಿ ಕೊಡ್ತು, ಅವರ ಪರವಾಗಿ ಮಗಳು ಬಂದು ತಗೊಂಡ್ರು. ಆದ್ರೆ ಅವರು ಹೇಳ್ತಿದ್ದಿದ್ದು ಷಿನ್‌ಜಿಯಾಂಗ್ ಬೇರೆ ದೇಶ ಆಗ್ಬೇಕು ಅಂತ ಅಲ್ಲ. ಚೀನಾದ್ದೇ 1984ರ ಪ್ರಾದೇಶಿಕ ಸ್ವಾಯತ್ತತಾ ಕಾನೂನನ್ನ ಸರಿಯಾಗಿ ಜಾರಿ ಮಾಡಿ, ಉಯ್ಗರ್ ಯುವಕರಿಗೆ ಕೆಲಸ ಕೊಡಿ, ಬಹುಸಂಖ್ಯಾತ ಹಾನ್ ಚೀನೀಯರು ಮತ್ತೆ ಉಯ್ಗರ್ ಜನ ಒಬ್ಬರಿಗೊಬ್ಬರು ಮಾತಾಡ್ಲಿ ಅಂತ, ಅದಕ್ಕಾಗೇ ಒಂದು ವೆಬ್‌ಸೈಟನ್ನೂ ನಡೆಸ್ತಿದ್ರು, ಅದೂ ಚೀನೀ ಭಾಷೆಯಲ್ಲಿ. ಮುಂದಿನ ಶೃಂಗಸಭೆಯಲ್ಲಿ ಯೂನಿಯನ್‌ನವರು ಅವರ ಬಿಡುಗಡೆ ಕೇಳೋವಾಗ ಪ್ರಶಸ್ತಿ ಪಡೆದೋರು ಅನ್ನೋದಕ್ಕಿಂತ ಮೊದಲು ಈ ವಾದನ ಮೇಜಿನ ಮೇಲಿಡ್ಲಿ, ನಿಮ್ಮ ಕಾನೂನು, ನಿಮ್ಮ ಪ್ರೊಫೆಸರ್, ನಿಮ್ಮ ಭಾಷೆಯಲ್ಲಿ ನಿಮ್ಮನ್ನೇ ಕೇಳಿದ ಪ್ರಶ್ನೆ, ಇದಕ್ಕೆ ನಿಮ್ಮ ಉತ್ತರ ಏನು ಅಂತ.